ಮಕ್ಕಳ ವಸ್ತು ಶಾಲೆಯಲ್ಲಿ ಕಾಣೆಯಾದರೆ: ಹೆಸರು ಹೇಳುವ ಮೊದಲು ಹುಡುಕೋಣ

– ಪಶುವೈದ್ಯಾಧಿಕಾರಿ



ಕೆಚ್ಚಲು ಬಾವು, ಜಂತುಹುಳು, ಖನಿಜ ಮಿಶ್ರಣ ಎಂದು ಬರೆಯುವವರು ಈ ತಿಂಗಳು ಶಾಲೆಯ ವಿಷಯಕ್ಕೆ ಏಕೆ ಬಂದರು ಎಂದು ನೀವು ಕೇಳಬಹುದು. ಬೆಳಿಗ್ಗೆ ಸಂಘದ ಮುಂದೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ರಾಸುಗಳ ಮಾತು ಮುಗಿದ ಮೇಲೆ ಬರುವುದು ಮಕ್ಕಳ ಮಾತು. ಶಾಲೆ ತೆರೆದ ಮೊದಲ ಎರಡು ಮೂರು ತಿಂಗಳು ಆ ಸಾಲಿನಲ್ಲಿ ಪದೇ ಪದೇ ಕಿವಿಗೆ ಬೀಳುವ ದೂರು ಒಂದೇ: "ಹೈಸ್ಕೂಲಿಗೆ ಸೇರಿಸಿ ಇನ್ನೂ ತಿಂಗಳಾಗಿಲ್ಲ, ಆಗಲೇ ಜಾಮಿಟ್ರಿ ಬಾಕ್ಸ್ ಹೋಯ್ತು, ಬುತ್ತಿ ಡಬ್ಬಿ ಹೋಯ್ತು, ಈಗ ಸ್ವೆಟರ್ ಇಲ್ಲ."

ಒಂದು ಜಾಮಿಟ್ರಿ ಬಾಕ್ಸ್ ಎಂದರೆ ಮೂರು ನಾಲ್ಕು ಲೀಟರ್ ಹಾಲಿನ ದುಡ್ಡು. ಬಟವಾಡೆ ಬರುವ ಮೊದಲೇ ಹಿಂಡಿ, ಬೂಸಾ, ಸಂಘದ ಸಾಲ ಎಂದು ಲೆಕ್ಕ ಹಾಕಿಟ್ಟ ಹಣದಲ್ಲಿ ಇದೊಂದು ಹೊಸ ಖರ್ಚು. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ಆಡುವ ಮುಂದಿನ ಮಾತು ಜಾಮಿಟ್ರಿ ಬಾಕ್ಸ್‌ಗಿಂತ ಬಹಳ ದುಬಾರಿಯಾಗಬಹುದು. "ಇಂಥವರ ಮಗನೇ ತೆಗೆದಿರಬೇಕು" ಎಂಬುದು ಆ ಮಾತು. ಅದನ್ನು ಹೇಗೆ ತಡೆಯಬೇಕು, ಅದರ ಬದಲು ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಹಾಲು ಇಳಿದಾಗ ನಾವೇನು ಮಾಡುತ್ತೇವೆ?

ನಿನ್ನೆ ಎಂಟು ಲೀಟರ್ ಕೊಟ್ಟ ಹಸು ಇವತ್ತು ಐದು ಲೀಟರ್ ಕೊಟ್ಟರೆ ಹಿಂದೆಲ್ಲ ಮೊದಲು ಬರುತ್ತಿದ್ದ ಮಾತು, "ಪಕ್ಕದ ಮನೆಯವಳ ದೃಷ್ಟಿ ಬಿದ್ದಿದೆ". ಅದರಿಂದ ಹಾಲು ವಾಪಸ್ ಬರುತ್ತಿರಲಿಲ್ಲ, ಪಕ್ಕದ ಮನೆಯವರ ಜೊತೆಗಿನ ಮಾತು ಮಾತ್ರ ನಿಲ್ಲುತ್ತಿತ್ತು. ಈಗ ನೀವು ಹಾಗೆ ಮಾಡುವುದಿಲ್ಲ. ನೀರು ಸಾಕಷ್ಟು ಕುಡಿಯಿತೇ, ಮೇವು ಬದಲಾಯಿತೇ, ಬೆದೆಗೆ ಬಂದಿದೆಯೇ, ಜ್ವರ ಇದೆಯೇ, ಕೆಚ್ಚಲಿನಲ್ಲಿ ಗಟ್ಟಿ ಇದೆಯೇ ಎಂದು ಒಂದೊಂದಾಗಿ ನೋಡುತ್ತೀರಿ. ಕಾರಣ ತಿಳಿಯದೆ ಸೂಜಿ ಹಾಕಿ ಎಂದು ನೀವೂ ಕೇಳುವುದಿಲ್ಲ, ನಾವೂ ಹಾಕುವುದಿಲ್ಲ.

ಮಗುವಿನ ವಸ್ತು ಕಾಣೆಯಾದಾಗಲೂ ಇದೇ ಕ್ರಮ ಬೇಕು. ಕಾಣೆಯಾಗಿದ್ದೆಲ್ಲ ಕಳವಲ್ಲ. ಬಿಟ್ಟು ಬಂದದ್ದು, ಅದಲು ಬದಲಾದದ್ದು, ಯಾರೋ ಕೇಳಿ ತೆಗೆದುಕೊಂಡು ಮರೆತದ್ದು, ತಮಾಷೆಗೆ ಬಚ್ಚಿಟ್ಟದ್ದು, ಮಗುವೇ ಕೊಟ್ಟುಬಿಟ್ಟದ್ದು, ನಿಜವಾಗಿಯೂ ಕದ್ದದ್ದು, ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಂದೊಂದಕ್ಕೂ ಮದ್ದು ಬೇರೆ.

ಹೈಸ್ಕೂಲಿನಲ್ಲಿ ಏಕೆ ಹೆಚ್ಚು?

ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕಡಿಮೆ, ಎಲ್ಲರೂ ಗೊತ್ತಿದ್ದವರು. ಯಾರ ಚಪ್ಪಲಿ ಯಾರದು ಎಂದು ಟೀಚರ್‌ಗೂ ಗೊತ್ತು. ಎಂಟನೇ ತರಗತಿಗೆ ಮಗು ಹೋಬಳಿಯ ಹೈಸ್ಕೂಲಿಗೆ ಹೋಗುತ್ತದೆ. ಅಲ್ಲಿ ಹತ್ತಾರು ಹಳ್ಳಿಯ ಮಕ್ಕಳು. ಒಂದೊಂದು ಪಿರಿಯಡ್‌ಗೆ ಒಬ್ಬೊಬ್ಬ ಶಿಕ್ಷಕರು. ಪ್ರಾರ್ಥನೆ, ಆಟದ ಪಿರಿಯಡ್, ಬಿಸಿಯೂಟ ಎಂದು ದಿನಕ್ಕೆ ನಾಲ್ಕಾರು ಸಲ ಚೀಲ ಕೊಠಡಿಯಲ್ಲೇ ಬಿಟ್ಟು ಮಕ್ಕಳೆಲ್ಲ ಹೊರಗೆ ಬರುತ್ತಾರೆ. ಎಲ್ಲರದೂ ಒಂದೇ ಬಣ್ಣದ ಸಮವಸ್ತ್ರ, ಒಂದೇ ಪಠ್ಯಪುಸ್ತಕ, ಸಂತೆಯ ಅದೇ ಅಂಗಡಿಯಲ್ಲಿ ಕೊಂಡ ಒಂದೇ ಥರದ ಡಬ್ಬಿ. ಮೇಲೆ ಬಸ್ಸಿನ ನೂಕುನುಗ್ಗಲು ಬೇರೆ.

ಹೀಗಿರುವಾಗ ಒಂದು ವಸ್ತು ಅದಲು ಬದಲಾಗುವುದಕ್ಕೆ ಕಳ್ಳರೇ ಬೇಕಾಗಿಲ್ಲ.

ಕಿವಿಯೋಲೆಯಿಂದ ಕಲಿಯುವ ಪಾಠ

ನಿಮ್ಮ ರಾಸಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ವಿಮೆ ಮಾಡಿಸಿದ ಹಸು ಸತ್ತರೆ ಮೊದಲು ಕೇಳುವುದೇ ಆ ಓಲೆ. ಕಪ್ಪು ಬಿಳುಪಿನ ಹಸು ಎಂದರೆ ಯಾರೂ ಒಪ್ಪುವುದಿಲ್ಲ, ಅಂಥವು ಊರ ತುಂಬ ಇವೆ. ಹಾಗೆಯೇ ನೀಲಿ ನೀರಿನ ಬಾಟಲಿ ಎಂದರೆ ಶಾಲೆಯಲ್ಲಿ ಯಾರೂ ಹುಡುಕಿ ಕೊಡಲಾರರು.

ಗುರುತು ಹಾಕುವ ಕೆಲಸವನ್ನು ಒಂದು ಭಾನುವಾರ ಸಂಜೆ ಮಗುವನ್ನು ಜೊತೆಗೆ ಕೂರಿಸಿಕೊಂಡು ಮುಗಿಸಿ:

• ಸ್ಟೀಲಿನ ಡಬ್ಬಿ, ತಟ್ಟೆ, ಲೋಟದ ಮೇಲೆ ಹೆಸರು ಕೆತ್ತಿಸಿ. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಅದೇ ಅಂಗಡಿಯಲ್ಲಿ ಇದನ್ನೂ ಮಾಡಿಕೊಡುತ್ತಾರೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಶುರುವಾಯಿತು. ನೀವು ಸಂಘಕ್ಕೆ ಹಾಕಿದ ಹಾಲೇ ಪುಡಿಯಾಗಿ ಶಾಲೆಗೆ ಹೋಗಿ ಮಕ್ಕಳ ಲೋಟಕ್ಕೆ ಬರುತ್ತದೆ. ಆ ಲೋಟದ ಮೇಲೂ ಹೆಸರಿರಲಿ.

• ಸ್ವೆಟರ್, ಸಮವಸ್ತ್ರದ ಒಳಗಡೆ, ಕಾಲರ್ ಹತ್ತಿರ, ಬಣ್ಣದ ದಾರದಲ್ಲಿ ಎರಡು ಅಕ್ಷರ ಹೊಲಿಯಿರಿ. ಹೊರಗೆ ಕಾಣದಿದ್ದರೆ ಮಗುವಿಗೆ ನಾಚಿಕೆಯೂ ಆಗುವುದಿಲ್ಲ.

• ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಹೆಸರು ಬರೆದರೆ ಸಾಲದು, ಆ ಪುಟ ಹರಿದು ಹೋಗುತ್ತದೆ. ಒಳಗಿನ ಒಂದು ನಿಗದಿತ ಪುಟದಲ್ಲೂ ಬರೆಯಲಿ. ಆ ಪುಟ ಯಾವುದು ಎಂದು ನಿಮಗೂ ಮಗುವಿಗೂ ಗೊತ್ತಿರಲಿ.

• ಜಾಮಿಟ್ರಿ ಬಾಕ್ಸ್‌ನ ಮುಚ್ಚಳ, ಸ್ಕೇಲು, ಕಂಪಾಸಿನ ಮೇಲೆ ದಬ್ಬಳದ ತುದಿಯಿಂದ ಗೀಚಿ ಗುರುತು ಮಾಡಿ. ಪೆನ್ನಿನಲ್ಲಿ ಬರೆದದ್ದು ಉಳಿಯುವುದಿಲ್ಲ.

• ಸೈಕಲ್ಲಿನ ಚೌಕಟ್ಟಿನ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಅದನ್ನು, ಬಸ್ ಪಾಸ್ ನಂಬರನ್ನು ನಿಮ್ಮ ಹಾಲಿನ ಪಾಸ್ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಆ ಪುಸ್ತಕ ಮನೆಯಲ್ಲಿ ಎಂದೂ ಕಳೆಯುವುದಿಲ್ಲ.

ಚಿನ್ನದ ಓಲೆ, ಬೆಳ್ಳಿ ಗೆಜ್ಜೆ, ಮೊಬೈಲ್, ದೊಡ್ಡ ನೋಟು ಇವುಗಳನ್ನು ಶಾಲೆಗೆ ಕಳಿಸಲೇಬೇಡಿ. ಶುಲ್ಕ ಕಟ್ಟುವುದಿದ್ದರೆ ನೀವೇ ಹೋಗಿ ಕಟ್ಟಿ ರಸೀದಿ ಪಡೆಯಿರಿ. ಮಗುವಿನ ಕೈಲೇ ಕಳಿಸಬೇಕಾದರೆ, ಬೆಲ್ ಹೊಡೆಯುವ ಮೊದಲೇ ಕಚೇರಿಯಲ್ಲಿ ಕಟ್ಟಿಬಿಡಲು ಹೇಳಿ.

ಮೊದಲ ದಿನ ಮನೆಯಲ್ಲಿ

ಸಂಜೆ ಮಗು ಬಂದು "ಅಮ್ಮ, ಬಾಕ್ಸ್ ಇಲ್ಲ" ಎಂದ ಕೂಡಲೇ ಬೈದರೆ ಅಥವಾ ಹೊಡೆದರೆ ಏನಾಗುತ್ತದೆ ಎಂಬುದು ನಿಮಗೆ ಕೊಟ್ಟಿಗೆಯಲ್ಲೇ ಗೊತ್ತು. ಕರೆಯುವ ಹೊತ್ತಿನಲ್ಲಿ ಹಸುವನ್ನು ಹೊಡೆದರೆ, ಗದರಿಸಿದರೆ, ಕೆಚ್ಚಲಲ್ಲಿ ಹಾಲಿದ್ದರೂ ಅದು ಬಿಡುವುದಿಲ್ಲ. ಹೆದರಿದ ಮಗುವೂ ಹಾಗೆಯೇ. ವಿಷಯ ಒಳಗೇ ಉಳಿಯುತ್ತದೆ. ಏಟಿನಿಂದ ತಪ್ಪಿಸಿಕೊಳ್ಳಲು ಮಗುವಿಗೆ ಸುಲಭವಾಗಿ ಸಿಗುವ ಮಾತು "ಯಾರೋ ಕದ್ದರು" ಎಂಬುದು. ಇನ್ನೂ ಒತ್ತಿ ಕೇಳಿದರೆ ಒಂದು ಹೆಸರನ್ನೂ ಹೇಳಿಬಿಡುತ್ತದೆ. ಆ ಹೆಸರು ನಿಜವಾಗಿರಬೇಕೆಂದಿಲ್ಲ.

ಆದ್ದರಿಂದ ಮೊದಲು ಊಟ, ಆಮೇಲೆ ಪ್ರಶ್ನೆ. "ಯಾರು ತೆಗೆದರು?" ಎಂದು ಶುರು ಮಾಡಬೇಡಿ. ಹೀಗೆ ಕೇಳಿ:

1. ಕೊನೆಯ ಸಲ ಅದನ್ನು ಬಳಸಿದ್ದು ಯಾವಾಗ? ಯಾವ ಪಿರಿಯಡ್?
2. ಆಮೇಲೆ ಎಲ್ಲೆಲ್ಲಿ ಹೋಗಿದ್ದೆ? ಊಟಕ್ಕೆ, ಆಟಕ್ಕೆ, ಬಸ್ಸಿಗೆ?
3. ಯಾರಾದರೂ ಕೇಳಿ ಪಡೆದಿದ್ದರೇ? ನೀನೇ ಯಾರಿಗಾದರೂ ಕೊಟ್ಟೆಯಾ?
4. ಇಲ್ಲ ಎಂದು ಗೊತ್ತಾದಾಗ ಯಾರಿಗೆ ಹೇಳಿದೆ?

ಈ ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲೇ ಎಷ್ಟೋ ಸಲ ಮಗುವಿಗೆ ತಾನು ಬಿಟ್ಟ ಜಾಗ ನೆನಪಾಗುತ್ತದೆ. ಬಸ್ಸಿನಲ್ಲಿ ಬಿಟ್ಟಿದ್ದರೆ ಮಾರನೆಯ ದಿನ ಅದೇ ಬಸ್ಸಿನ ಕಂಡಕ್ಟರನ್ನು ಕೇಳಲಿ. ಅವರ ಬಳಿ ಇಲ್ಲದಿದ್ದರೆ ಬಸ್ ನಿಲ್ದಾಣದ ಕಂಟ್ರೋಲರ್ ಕೊಠಡಿಯಲ್ಲಿ ಅಥವಾ ಡಿಪೋದಲ್ಲಿ ವಿಚಾರಿಸಿ.

ಶಾಲೆಯಲ್ಲಿ ಯಾರನ್ನು, ಯಾವ ಕ್ರಮದಲ್ಲಿ?

ಮೊದಲ ದಿನ ಮಗುವೇ ಹುಡುಕಲಿ: ಕೊಠಡಿ, ಆಟದ ಮೈದಾನ, ಕೈ ತೊಳೆಯುವ ಜಾಗ, ಅಡುಗೆ ಮನೆ. ಬಿಸಿಯೂಟದ ಅಡುಗೆಯವರನ್ನು ಕೇಳಲು ಮರೆಯಬಾರದು. ತೊಳೆದು ಇಟ್ಟ ತಟ್ಟೆ ಲೋಟಗಳ ಮಧ್ಯೆ ಸೇರಿಕೊಂಡ ಡಬ್ಬಿ ಅವರ ಕಣ್ಣಿಗೇ ಮೊದಲು ಬೀಳುತ್ತದೆ.

ಸಿಗದಿದ್ದರೆ ಮಗು ತರಗತಿ ಶಿಕ್ಷಕರಿಗೆ ಹೇಳಲಿ. ಹೇಳಲು ಹಿಂಜರಿದರೆ ನೀವೇ ಒಂದು ಚೀಟಿ ಬರೆದುಕೊಡಿ: ಯಾವ ವಸ್ತು, ಏನು ಗುರುತು, ಯಾವ ದಿನ, ಯಾವ ಪಿರಿಯಡ್ ಆದ ಮೇಲೆ ಕಾಣಲಿಲ್ಲ. ಇಷ್ಟೇ ಸಾಕು. ಚೀಟಿಯಲ್ಲಿ ಯಾರ ಹೆಸರೂ ಬೇಡ. "ಹುಡುಕಿಸಿ ಕೊಡಿ" ಎಂದು ಬರೆಯಿರಿ, "ಹಿಡಿದು ಕೊಡಿ" ಎಂದಲ್ಲ.

ಎರಡು ಮೂರು ದಿನವಾದರೂ ಸಿಗದಿದ್ದರೆ ಅಥವಾ ವಸ್ತು ಬೆಲೆಬಾಳುವಂಥದ್ದಾದರೆ ನೀವೇ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ಬೆಳಗಿನ ಹಾಲು ಹಾಕಿ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೋದರೆ ಸಿಗುತ್ತಾರೆ. ಪಠ್ಯಪುಸ್ತಕ ಕಳೆದಿದ್ದರೆ ಶಾಲೆಯಲ್ಲಿ ಉಳಿದ ಪ್ರತಿ ಇದೆಯೇ ಎಂದು ಕೇಳಿ. ಇಲ್ಲವಾದರೆ ಹೋದ ವರ್ಷ ಅದೇ ತರಗತಿ ಮುಗಿಸಿದ ಮಕ್ಕಳ ಮನೆಯಲ್ಲಿ ಕೇಳಿ. ಬಸ್ ಪಾಸ್ ಕಳೆದಿದ್ದರೆ ಮುಖ್ಯ ಶಿಕ್ಷಕರಿಂದ ಪತ್ರ ಪಡೆದು ಪಾಸ್ ಕೊಡುವ ಕೌಂಟರ್‌ನಲ್ಲಿ ವಿಚಾರಿಸಿ. ಸೈಕಲ್ ಕಳೆದಿದ್ದರೆ ಶಾಲೆಗೂ ತಿಳಿಸಿ, ಪೊಲೀಸ್ ಠಾಣೆಗೂ ಚೌಕಟ್ಟಿನ ನಂಬರ್ ಸಹಿತ ದೂರು ಕೊಡಿ.

ಒಂದೇ ತರಗತಿಯಲ್ಲಿ ಹಲವು ಮಕ್ಕಳ ವಸ್ತು ಹೋಗುತ್ತಿದ್ದರೆ ಅದು ಒಬ್ಬ ತಾಯಿಯ ಸಮಸ್ಯೆಯಲ್ಲ. ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿಯಲ್ಲಿ ಮಾತಾಡಿ. ಆಟದ ಪಿರಿಯಡ್‌ನಲ್ಲಿ ಕೊಠಡಿಗೆ ಬೀಗ, ಸಿಕ್ಕ ವಸ್ತು ಇಡಲು ಕಚೇರಿಯಲ್ಲಿ ಒಂದು ಪೆಟ್ಟಿಗೆ, ಪ್ರಾರ್ಥನೆಯಲ್ಲಿ ವಾರಕ್ಕೊಮ್ಮೆ "ಇವು ಸಿಕ್ಕಿವೆ, ಯಾರದು?" ಎಂಬ ಪ್ರಕಟಣೆ, ಇವಕ್ಕೆ ದುಡ್ಡು ಬೇಕಾಗಿಲ್ಲ. ಸಿಕ್ಕದ್ದನ್ನು ಯಾರಿಗೂ ಕಾಣದಂತೆ ಆ ಪೆಟ್ಟಿಗೆಗೆ ಹಾಕಿ ಹೋಗಲು ಅವಕಾಶವಿದ್ದರೆ, ಆಸೆಪಟ್ಟು ತೆಗೆದುಕೊಂಡ ಮಗುವಿಗೂ ವಾಪಸ್ ಕೊಡಲು ಒಂದು ದಾರಿ ಇರುತ್ತದೆ.

ಹೆಸರು ಹೇಳಿದರೆ ಏನಾಗುತ್ತದೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾಣೆಯಾದ ತಕ್ಷಣ ಅನುಮಾನ ಯಾರ ಮೇಲೆ ಹೋಗುತ್ತದೆ ಎಂದು ಗಮನಿಸಿದ್ದೀರಾ? ಸಾಮಾನ್ಯವಾಗಿ ಬಡವರ ಮಕ್ಕಳ ಮೇಲೆ. ಕೇರಿಯ ಮಕ್ಕಳು, ಹಾಸ್ಟೆಲ್ ಮಕ್ಕಳು, ಗುಳೆ ಬಂದ ಕೂಲಿಯವರ ಮಕ್ಕಳು, ಅಪ್ಪ ಕುಡಿಯುತ್ತಾನೆ ಎಂದು ಊರಿಗೆಲ್ಲ ಗೊತ್ತಿರುವ ಮನೆಯ ಮಕ್ಕಳು. ಪುರಾವೆ ಏನೂ ಇರುವುದಿಲ್ಲ, "ಅವರಿಗೆ ಗತಿಯಿಲ್ಲ, ಅವರೇ ಇರಬೇಕು" ಎಂಬ ಊಹೆ ಮಾತ್ರ.

ಬೆಳಿಗ್ಗೆ ಸಂಘದ ಸಾಲಿನಲ್ಲಿ ಆಡಿದ ಆ ಊಹೆ ಸಂಜೆ ಹಾಲು ಹಾಕುವ ಹೊತ್ತಿಗೆ ಊರೆಲ್ಲ ಸುತ್ತಿರುತ್ತದೆ. ಮಾರನೆಯ ದಿನ ಮಕ್ಕಳು ಆ ಮಗುವಿನ ಪಕ್ಕದಲ್ಲಿ ಕೂರುವುದಿಲ್ಲ. ಮೂರನೆಯ ದಿನ ಆ ಮಗು ಹೊಟ್ಟೆನೋವು ಎಂದು ಶಾಲೆಗೆ ಹೋಗುವುದಿಲ್ಲ. ಎಂಟು, ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಮಗುವನ್ನು ವಾಪಸ್ ತರುವುದು ಬಲು ಕಷ್ಟ. ಹೆಣ್ಣುಮಗುವಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ಕಳವಿನ ಆರೋಪದ ಅವಮಾನ ತಡೆಯಲಾರದೆ ಜೀವ ಕಳೆದುಕೊಂಡ ಮಕ್ಕಳ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಬಂದಿದೆ.

ಜಾಮಿಟ್ರಿ ಬಾಕ್ಸ್ ಸಂಜೆ ಮಂಚದ ಕೆಳಗೆ ಸಿಗಬಹುದು. ಆದರೆ ಕಳ್ಳಿ, ಕಳ್ಳ ಎಂದು ಒಮ್ಮೆ ಬಿದ್ದ ಹೆಸರು ಹೋಗುವುದಿಲ್ಲ. ವಸ್ತು ಸಿಕ್ಕ ಸುದ್ದಿ ಕಾಣೆಯಾದ ಸುದ್ದಿಯಷ್ಟು ದೂರ ಹೋಗುವುದೂ ಇಲ್ಲ.

ಮತ್ತೆ ಮತ್ತೆ ಕಾಣೆಯಾದರೆ

ಒಮ್ಮೆ ಹಾಲು ಇಳಿದರೆ ಮೇವು ನೀರು ನೋಡುತ್ತೇವೆ, ಪದೇ ಪದೇ ಇಳಿದರೆ ಒಳಗಿನ ರೋಗ ಹುಡುಕುತ್ತೇವೆ. ಒಂದೇ ಮಗುವಿನ ವಸ್ತು ತಿಂಗಳಲ್ಲಿ ಮೂರು ನಾಲ್ಕು ಸಲ ಹೋದರೆ ಮರೆವು ಎಂದು ಬಿಡಬೇಡಿ. ಏನು ಹೋಗುತ್ತಿದೆ ಎಂಬುದರಲ್ಲೇ ಸುಳಿವಿರುತ್ತದೆ.

ಚಪ್ಪಲಿ, ಚೀಲ, ಪುಸ್ತಕ ಕಾಣೆಯಾಗಿ ಆಮೇಲೆ ಶೌಚಾಲಯದ ಹಿಂದೆ, ಮರದ ಮೇಲೆ, ನೀರಿನಲ್ಲಿ ಸಿಗುತ್ತಿದ್ದರೆ ಅದು ಕಳವಲ್ಲ, ನಿಮ್ಮ ಮಗುವನ್ನು ಗುಂಪೊಂದು ಗೋಳು ಹೊಯ್ದುಕೊಳ್ಳುತ್ತಿದೆ. ಬುತ್ತಿಯಷ್ಟೇ ಹೋಗುತ್ತಿದ್ದರೆ ಯಾವುದೋ ಮಗು ಬೆಳಿಗ್ಗೆ ತಿನ್ನದೆ ಬರುತ್ತಿರಬಹುದು. ಪರೀಕ್ಷೆ ಹತ್ತಿರವಾದಾಗ ನೋಟ್ಸ್ ಮಾತ್ರ ಹೋದರೆ ಪೈಪೋಟಿ ಇರಬಹುದು. ದುಡ್ಡು ಮಾತ್ರ ಹೋಗುತ್ತಿದ್ದು ಮಗು ಹೆಚ್ಚು ಮಾತಾಡದಿದ್ದರೆ ದೊಡ್ಡ ಹುಡುಗರು ಹೆದರಿಸಿ ಕೇಳುತ್ತಿರಬಹುದು, ಅಥವಾ ಮಗುವೇ ಯಾವುದಕ್ಕೋ ಖರ್ಚು ಮಾಡುತ್ತಿರಬಹುದು.

ಇದರ ಜೊತೆಗೆ ಮಗು ಶಾಲೆಗೆ ಹೋಗಲು ಹಠ ಮಾಡಿದರೆ, ಊಟ ನಿದ್ದೆ ಕಡಿಮೆಯಾದರೆ, ಒಬ್ಬಂಟಿಯಾಗಿ ಬಂದರೆ, ಮೈಮೇಲೆ ಗಾಯ ಕಂಡರೆ ತಡ ಮಾಡಬೇಡಿ. ತಾರೀಖು ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟು, ಮುಖ್ಯ ಶಿಕ್ಷಕರನ್ನು ಒಂಟಿಯಾಗಿ ಕಂಡು ತೋರಿಸಿ. ಶಾಲೆಯಲ್ಲಿ ಪರಿಹಾರ ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಮಗುವೂ ಮಾಡಬಹುದು, ನೀವೂ ಮಾಡಬಹುದು.

ಬೇರೆಯವರ ವಸ್ತು ನಮ್ಮ ಮಗುವಿನ ಚೀಲದಲ್ಲಿ ಸಿಕ್ಕರೆ

ಇದೂ ಆಗುತ್ತದೆ, ಯಾವ ಮನೆಯಲ್ಲಾದರೂ ಆಗಬಹುದು. ಬಟ್ಟೆ ಒಗೆಯುವಾಗ, ಚೀಲ ಝಾಡಿಸುವಾಗ ನಾವು ಕೊಡಿಸದ ಪೆನ್ನೋ ವಾಚೋ ಸಿಗುತ್ತದೆ. ಆಗ ಎರಡು ಕೆಲಸ ಮಾಡಬಾರದು. ನೋಡಿಯೂ ನೋಡದಂತೆ ಇರಬಾರದು. ಊರಿಗೆ ಕೇಳುವಂತೆ ಕೂಗಾಡಲೂಬಾರದು.

"ಇದು ಯಾರದು? ಹೇಗೆ ಬಂತು?" ಎಂದು ತಣ್ಣಗೆ ಕೇಳಿ. ಗೆಳತಿ ಕೊಟ್ಟಿರಬಹುದು, ಅದಲು ಬದಲಾಗಿರಬಹುದು. ತೆಗೆದುಕೊಂಡದ್ದೇ ಆದರೆ, ನಾಳೆಯೇ ವಾಪಸ್ ಕೊಡಬೇಕು ಎಂಬುದನ್ನು ಸಡಿಲ ಮಾಡಬೇಡಿ. ಹೇಗೆ ಕೊಡುವುದು ಎಂಬುದರಲ್ಲಿ ಮಾತ್ರ ಸಹಾಯ ಮಾಡಿ. ತರಗತಿ ಶಿಕ್ಷಕರ ಕೈಗೆ ನೀವೂ ಜೊತೆಗೆ ಹೋಗಿ ಕೊಟ್ಟು, ಎಲ್ಲರ ಮುಂದೆ ಹೇಳಬೇಡಿ ಎಂದು ಕೇಳಿಕೊಳ್ಳಿ. ಆಮೇಲೆ ಮಗು ಯಾವ ಆಸೆಗೆ ತೆಗೆದುಕೊಂಡಿತು ಎಂದು ಯೋಚಿಸಿ. ಹದಿಮೂರು ಹದಿನಾಲ್ಕು ವರ್ಷದಲ್ಲಿ ಎಲ್ಲರ ಹತ್ತಿರ ಇರುವುದು ತನ್ನ ಹತ್ತಿರ ಇಲ್ಲ ಎಂಬ ಕೊರಗು ದೊಡ್ಡದು. ಕೊಡಿಸಲು ಆಗದಿದ್ದರೆ ಆಗುವುದಿಲ್ಲ ಎಂದೇ ಹೇಳಿ. ಹಾಲಿನ ಲೆಕ್ಕ ತೋರಿಸಿ ಹೇಳಿದರೆ ಆ ವಯಸ್ಸಿನ ಮಕ್ಕಳಿಗೆ ಅರ್ಥವಾಗುತ್ತದೆ.

ನಮ್ಮ ಮಗುವಿನ ಮೇಲೆಯೇ ಆರೋಪ ಬಂದರೆ

ಬೇರೆಯವರ ಮುಂದೆ ಮಗುವನ್ನು ಹೊಡೆಯಬೇಡಿ. ಊರಿನವರ ಬಾಯಿ ಮುಚ್ಚಿಸಲು ಹೊಡೆದ ಏಟನ್ನು ಊರು ಒಪ್ಪಿಗೆ ಎಂದು ತಿಳಿಯುತ್ತದೆ, ಮಗು ಅಮ್ಮನೂ ನಂಬಲಿಲ್ಲ ಎಂದು ತಿಳಿಯುತ್ತದೆ. ಮನೆಗೆ ಕರೆತಂದು ಕೇಳಿ, ಆಮೇಲೆ ಶಾಲೆಗೆ ಹೋಗಿ. ಯಾರು ನೋಡಿದರು, ವಸ್ತು ಎಲ್ಲಿ ಸಿಕ್ಕಿತು ಎಂದು ಶಾಂತವಾಗಿ ವಿಚಾರಿಸಿ.

ಕಾನೂನು ಮಗುವಿನ ಪರವಾಗಿದೆ ಎಂಬುದು ನೆನಪಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. 18 ವರ್ಷದೊಳಗಿನ ಯಾವುದೇ ಮಗುವಿನ ಮೇಲೆ ಅದರ ಹೊಣೆ ಹೊತ್ತವರು ಕ್ರೌರ್ಯ ನಡೆಸಿದರೆ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ಕಳವಿನ ಅನುಮಾನ ಎಂಬ ಕಾರಣಕ್ಕೆ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಹೀಯಾಳಿಸುವುದು, ಬಟ್ಟೆ ಬಿಚ್ಚಿಸಿ ಹುಡುಕುವುದು, ದೇವರ ಮುಂದೆ ಆಣೆ ಮಾಡಿಸುವುದು ಯಾವುದನ್ನೂ ನೀವು ಒಪ್ಪಿಕೊಳ್ಳಬೇಕಾಗಿಲ್ಲ. ಬೇರೆಯವರ ಮಗುವಿಗೆ ಹಾಗಾಗುತ್ತಿದ್ದರೂ ತಡೆಯಿರಿ. ಇಂಥ ದಿನ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳಿ.

ನೆನಪಿಡಬೇಕಾದ ಅಂಶಗಳು

• ಶಾಲೆ ಶುರುವಾಗುವ ಮೊದಲೇ ಎಲ್ಲ ವಸ್ತುವಿಗೂ ಅಳಿಸದ ಗುರುತು.
• ಬೆಲೆಬಾಳುವುದು ಶಾಲೆಗೆ ಬೇಡ.
• ಮೊದಲು ಊಟ, ಆಮೇಲೆ ಪ್ರಶ್ನೆ. "ಯಾರು" ಎಂಬ ಪ್ರಶ್ನೆ ಕೊನೆಗೆ.
• ಶಿಕ್ಷಕರಿಗೆ ಕೊಡುವ ಚೀಟಿಯಲ್ಲಿ ವಸ್ತುವಿನ ಗುರುತಿರಲಿ, ಯಾರ ಹೆಸರೂ ಬೇಡ.
• ಪದೇ ಪದೇ ಹೋಗುತ್ತಿದ್ದರೆ ತಾರೀಖು ಬರೆದಿಟ್ಟು ಮುಖ್ಯ ಶಿಕ್ಷಕರನ್ನು ಕಾಣಿ. ಸಹಾಯವಾಣಿ 1098.
• ಸಂಘದ ಸಾಲಿನಲ್ಲಿ ಯಾರಾದರೂ ಒಂದು ಮಗುವಿನ ಹೆಸರು ಎತ್ತಿದರೆ "ನೋಡಿದವರು ಯಾರು?" ಎಂದು ಕೇಳಿ. ಆ ಒಂದು ಪ್ರಶ್ನೆಗೇ ಎಷ್ಟೋ ಮಾತು ನಿಂತುಹೋಗುತ್ತದೆ.

ನಿಮ್ಮ ಮಹಿಳಾ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ. ನಿಮ್ಮ ಮಕ್ಕಳೆಲ್ಲ ಹೆಚ್ಚಾಗಿ ಹೋಗುವುದು ಅದೇ ಒಂದೋ ಎರಡೋ ಹೈಸ್ಕೂಲಿಗೆ. ತಾಯಂದಿರು ಮೊದಲೇ ಮಾತಾಡಿಕೊಂಡಿದ್ದರೆ, ನಾಳೆ ಯಾರದೇ ಡಬ್ಬಿ ಯಾರದೇ ಚೀಲದಲ್ಲಿ ಸಿಕ್ಕರೂ ಅದು ಜಗಳವಾಗದೆ ಮನೆಗೆ ವಾಪಸ್ ಬರುತ್ತದೆ.